ಸಹಾಯ ಬೇಕು: ಸಂಪಿನ ಪಕ್ಕ ಹೊಂಗೆ ನೆಡಬಹುದೇ, ಬಕುಳವೇ ವಾಸಿಯೇ?

ತುಮಕೂರಿನಲ್ಲಿ ನಮ್ಮ ಮನೆಯ ಪಶ್ಚಿಮಕ್ಕೆ 10 ಅಡಿ ಅಗಲದ ಜಾಗವಿದೆ, ಕೆಂಪು ಮಣ್ಣು. ಮಧ್ಯಾಹ್ನದ ಬಿಸಿಲಿಗೆ ಗೋಡೆ ಕಾದು ರಾತ್ರಿಯೂ ಮಲಗಲಾಗುವುದಿಲ್ಲ. ಒಂದೇ ಒಂದು ಮರಕ್ಕೆ ಅವಕಾಶ.

ನರ್ಸರಿಗಳಲ್ಲಿ ಕೇಳಿದರೆ ಮಡಗಾಸ್ಕರ್ ಮೂಲದ ಗುಲ್‌ಮೊಹರ್, ಅಮೆರಿಕ ಮೂಲದ ಟಬೆಬುಯಾಗಳನ್ನೇ ತೋರಿಸುತ್ತಾರೆ. ಹೂವೇನೋ ಚೆಂದ, ಆದರೆ ನನಗೆ ಈ ನೆಲದ ಮರವೇ ಬೇಕು. ಕಕ್ಕೆಯ ಮೇಲೆ ಆಸೆಯಿತ್ತು. ನೆರಳು ಬೇಕಾದ ಬೇಸಿಗೆಯಲ್ಲೇ ಅದು ಎಲೆ ಉದುರಿಸಿ ನಿಲ್ಲುತ್ತದೆ. ಹೊಂಗೆಯ ನೆರಳಿನ ತಂಪಿಗೆ ಸಾಟಿಯಿಲ್ಲ, ಆದರೆ ನೀರಿನ ಸಂಪು 6 ಅಡಿ ದೂರದಲ್ಲೇ ಇದೆ. ಬಕುಳ ವರ್ಷವಿಡೀ ಹಸಿರು, ಬೆಳವಣಿಗೆ ಮಾತ್ರ ಬಲು ನಿಧಾನ.

ಸಂಪಿನ ಹತ್ತಿರ ಹೊಂಗೆ ಬೆಳೆಸಿದವರು ಇದ್ದೀರಾ? ಬೇರಿನಿಂದ ಸಂಪು ಬಿರುಕು ಬಿಟ್ಟಿತೇ? ಬಕುಳವಾದರೆ ಗೋಡೆಗೆ ನೆರಳು ಬೀಳಲು ಎಷ್ಟು ವರ್ಷ ಹಿಡಿಯಿತು?