ಪದಚರ್ಚೆ: 'ಮತಾಂತರಿತ' ಸರಿಯೇ?

ಸ್ನೇಹಿತರೇ, ಒಂದು ಪದ ತುರ್ತಾಗಿ ಬೇಕು. ಹಳೆಯ ಹೆಂಚುಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅಲ್ಲಿ ದುಡಿದ, ಕ್ರೈಸ್ತರಾದ ಬಿಲ್ಲವರನ್ನು 'ಮತಾಂತರಿತ ದಲಿತರು' ಅಂತ ಬರೆದಿದ್ದೇನೆ. ಓದುವಾಗ ಏನೋ ತೊಡಕು. ಏನು ಬರೆಯಲಿ?

ಉತ್ತರ:
'ಮತಾಂತರಿತ' ಬೇಡವೇ ಬೇಡ. ಕನ್ನಡಕ್ಕೆ ಸಂಸ್ಕೃತದ 'ಇತ' ಯಾಕೆ? 'ಮತ ಬದಲಿಸಿದವರು' ಅನ್ನಿ, ಮುಗಿಯಿತು.

ಇನ್ನೊಬ್ಬರ ಉತ್ತರ:
ಮುಗಿಯಲಿಲ್ಲ. ಮೊದಲು 'ದಲಿತ' ತೆಗೆಯಿರಿ. ಬಿಲ್ಲವರು ದಲಿತರಲ್ಲ, ಮೂರ್ತೆ ಅಂದರೆ ಕಳ್ಳು ಇಳಿಸುವ ಕಸುಬಿನವರು. 'ದಲಿತ ಕ್ರೈಸ್ತ' ಅನ್ನುವ ಮಾತಿಗೆ ಇವತ್ತು ಬೇರೆಯೇ ತೂಕ ಇದೆ. ರಾಷ್ಟ್ರಪತಿಗಳ 1950ರ ಆದೇಶದ ಪ್ರಕಾರ ದಲಿತರು ಕ್ರೈಸ್ತರಾದರೆ ಪರಿಶಿಷ್ಟ ಜಾತಿಯ ಸ್ಥಾನ ಹೋಗುತ್ತದೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಅಂಥ ಪದವನ್ನು ಸುಮ್ನೆ ಎಲ್ಲೆಲ್ಲೋ ಅಂಟಿಸಬಾರದು.

ಇನ್ನು 'ಮತಾಂತರಿತ'. ಅದರಲ್ಲಿ ಮಾಡಿದವನು ಬೇರೆ ಯಾರೋ, ಇವರು ಬರೀ ಕರ್ಮಪದ. ಸಭೆಗೆ, ಅಂದರೆ ಮಿಶನ್ನಿನ ಚರ್ಚಿಗೆ, ಸೇರಿದವರನ್ನು ಮನೆಯವರು ಹೊರಗೆ ಹಾಕಿದರು. ಗೇಣಿ ಹೋಯಿತು, ಮೂರ್ತೆಯೂ ಹೋಯಿತು. ಅದಕ್ಕೇ ಅಲ್ವಾ ಮಿಶನ್ ನೇಯ್ಗೆ, ಹೆಂಚು ಅಂತ ಕೆಲಸ ಹುಟ್ಟಿಸಿದ್ದು? ಇಷ್ಟು ಕಳೆದುಕೊಂಡು ತಾವಾಗಿ ನಡೆದು ಹೋದವರಿಗೆ 'ಆದರು', 'ಸೇರಿದರು' ಅನ್ನುವ ಕ್ರಿಯಾಪದವೇ ಬೇಕು. 'ಕ್ರೈಸ್ತರಾದ ಬಿಲ್ಲವರು' ಅಂತ ನಿಮ್ಮ ಪ್ರಶ್ನೆಯಲ್ಲೇ ಇದೆ. 'ಸಭೆಗೆ ಸೇರಿದ' ಇನ್ನೂ ಚೆನ್ನ.

ಜಾತಿ ಅಳಿಯಿತು ಅಂತ ಮಾತ್ರ ಬರೆಯಬೇಡಿ. ಇನ್ನೊಂದು ಪಂಗಡದ ಕ್ರೈಸ್ತರಾದ ಕೊಂಕಣಿ ಕ್ಯಾಥೊಲಿಕರಲ್ಲೂ ಬಾಮಣ, ಚಾರೊಡಿ, ಸುದಿರ್ ಅನ್ನುವ ಜಾತಿಭೇದ ಮದುವೆ ಮಾತಿನಲ್ಲಿ ಉಳಿದೇ ಇತ್ತು.

ಮೊದಲಿನವರು:
'ಸಭೆ' ಕೂಡ ಸಂಸ್ಕೃತ. 'ಕೂಟ' ಅನ್ನಿ.

ಎರಡನೆಯವರು:
ನಿಮ್ಮ 'ಬದಲು' ಅರಬ್ಬಿಯದು, 'ಕಾರ್ಖಾನೆ' ಪಾರಸಿಯದು. ಸೋಸುತ್ತಾ ಹೋದರೆ ಫಲಕದಲ್ಲಿ ಏನೂ ಉಳಿಯುವುದಿಲ್ಲ. ಆ ಮನೆಗಳಲ್ಲಿ ಭಾನುವಾರ ಇವತ್ತಿಗೂ 'ಸಭೆಗೆ ಹೋಗಿ ಬಂದೆವು' ಅನ್ನುತ್ತಾರೆ. ಅವರ ಪದವನ್ನು ತಿದ್ದಲು ನಾವು ಯಾರು?

ಪ್ರಶ್ನೆ ಕೇಳಿದವರು:
ಇಬ್ಬರಿಗೂ ನಮಸ್ಕಾರ. 'ದಲಿತ' ನನ್ನದೇ ತಪ್ಪು, ತೆಗೆದೆ. ಅಚ್ಚಿಗೆ ಹೀಗೆ ಕಳಿಸುತ್ತಿದ್ದೇನೆ: 'ಸಭೆಗೆ ಸೇರಿ, ಗೇಣಿ ಮತ್ತು ಕಸುಬು ಕಳೆದುಕೊಂಡ ಬಿಲ್ಲವರು ಇಂಥ ಹೆಂಚುಗಳನ್ನು ಮಾಡಿದರು.'