ಅಪ್‌ಡೇಟ್: ನಾಣ್ಯದ ನೆಲ ಕೊನೆಗೂ ಮುಗಿಯಿತು

ಓದುವ ಕೋಣೆಯ ನೆಲಕ್ಕೆ ತಾಮ್ರದ ಬಣ್ಣದ ನಾಣ್ಯ ಅಂಟಿಸುತ್ತಿದ್ದೇನೆ, ಮೇಲೆ ಎಪಾಕ್ಸಿ (ಗಟ್ಟಿಯಾಗಿ ಗಾಜಿನಂತಾಗುವ ರೆಸಿನ್ ದ್ರವ) ಸುರಿಯಲೇಬೇಕಾ, ಬರೀ ವಾರ್ನಿಶ್ ಸಾಲದಾ ಅಂತ ಕೇಳಿದ್ದೆ. ಎಪಾಕ್ಸಿಯನ್ನೇ ಸುರಿದೆ. ವಾರ್ನಿಶ್ ಸಂದಿಗಳನ್ನು ತುಂಬುವುದಿಲ್ಲ, ಕೊಳೆಯೆಲ್ಲ ಅಲ್ಲೇ ಕೂರುತ್ತದೆ ಅಂತ ಹಲವರು ಹೇಳಿದ್ದು ನಿಜ.

ಜೋಡಣೆಯ ಲೆಕ್ಕ ಮಜವಾಗಿದೆ. ನಾಣ್ಯಗಳನ್ನು ನೇರ ಸಾಲಲ್ಲಿ ಇಟ್ಟರೆ ನೆಲದ 78.5% ಮಾತ್ರ ಮುಚ್ಚುತ್ತದೆ. ಎರಡು ನಾಣ್ಯಗಳ ನಡುವಿನ ತಗ್ಗಿಗೆ ಮುಂದಿನ ಸಾಲಿನ ನಾಣ್ಯ ಕೂರಿಸಿದರೆ 90.7%. ನಾಣ್ಯ ಸುಮಾರು 15% ಜಾಸ್ತಿ ಬೇಕು, ಆದರೆ ನೋಡೋಕೆ ಅದೇ ಚೆಂದ.

ಎಲ್ಲವನ್ನೂ ತೊಳೆಯಲಿಲ್ಲ. ಕೆಲವನ್ನು ಮಾತ್ರ ವಿನೆಗರ್, ಉಪ್ಪಲ್ಲಿ ನೆನೆಸಿ, ನೀರಲ್ಲಿ ಚೆನ್ನಾಗಿ ಜಾಲಿಸಿ, ಒರೆಸಿ ಒಣಗಿಸಿದೆ. ಜಾಲಿಸದೆ ಬಿಟ್ಟರೆ ಹಸಿರು ಕಿಲುಬು ಹಿಡಿಯುತ್ತದೆ. ಕಡು ಕಂದು, ಇಟ್ಟಿಗೆ ಕೆಂಪು, ಹೊಳೆಯುವ ಕಿತ್ತಳೆ ಎಲ್ಲ ಬೆರೆತಿವೆ. ಒಂದೇ ಬಣ್ಣವಿದ್ದರೆ ಸಪ್ಪೆ ಅಲ್ವಾ?

ಎಪಾಕ್ಸಿ ಒಂದೇ ಸಲ ದಪ್ಪಗೆ ಸುರಿಯಬೇಡಿ. ನಾಣ್ಯದ ಅಡಿಯ ಗಾಳಿ ಮೇಲೆ ಬಂದು ಗುಳ್ಳೆಯಾಗುತ್ತದೆ. ಮೊದಲು ಬ್ರಷ್‌ನಲ್ಲಿ ತೆಳುವಾಗಿ ಬಳಿದು ಸಂದಿ ಮುಚ್ಚಿದೆ, ಅದು ಗಟ್ಟಿಯಾದ ಮೇಲೆ ದಪ್ಪ ಪದರ. ಉಳಿದ ಪುಟ್ಟ ಗುಳ್ಳೆಗಳ ಮೇಲೆ ಹೀಟ್ ಗನ್ ಬೇಗ ಬೇಗ ಆಡಿಸಿದರೆ ಪಟಪಟ ಒಡೆಯುತ್ತವೆ. ಒಂದೇ ಕಡೆ ನಿಲ್ಲಿಸಬಾರದು, ಅಷ್ಟೇ. ಕಿಟಕಿ ತೆರೆದು, ರೆಸಿನ್ ಆವಿಗೆ ತಕ್ಕ ಮಾಸ್ಕ್, ಕೈಗವಸು ಹಾಕಿಕೊಂಡೇ ಮಾಡಿ.

ಬಿಸಿಲು ಬಿದ್ದರೆ ಎಪಾಕ್ಸಿ ಹಳದಿಯಾಗುತ್ತದೆ, ಹಾಗಾಗಿ ಆ ಕಿಟಕಿಗೆ ದಪ್ಪ ಪರದೆ ಹಾಕಿದ್ದೇನೆ. ಒದ್ದೆ ಕಾಲಿಗೆ ನೆಲ ಜಾರುತ್ತದೆ. ಬಚ್ಚಲಿಗೆ ಮಾಡುವ ಯೋಚನೆ ಇದ್ದವರು ಮೇಲಿನ ಪದರಕ್ಕೆ ಜಾರದಂಥ ಪುಡಿ ಬೆರೆಸಿಕೊಳ್ಳಿ.