ಸ್ಟೇನ್‌ಲೆಸ್ ಪಟ್ಟಿಯಲ್ಲಿ ಡ್ರಿಲ್ ಬಿಟ್ ಸುಡುತ್ತಿದೆ, ಏನು ಮಾಡಲಿ?

ಪ್ರಶ್ನೆ – ಕಲಬುರಗಿ
ತೊಗರಿ ಬೇಳೆ ಮಿಲ್ಲಿನ ಕೆಲಸ. 6 ಮಿ.ಮೀ. ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗೆ 10 ಮಿ.ಮೀ. ತೂತು ಬೇಕು. ಸಾದಾ ಹೈಸ್ಪೀಡ್ ಸ್ಟೀಲ್ ಬಿಟ್ ಹಾಕಿ ನಿಮಿಷಕ್ಕೆ 1,400 ಸುತ್ತಿನಲ್ಲಿ ಓಡಿಸುತ್ತಿದ್ದೇನೆ. ಮೂರನೆಯ ತೂತಿಗೇ ಬಿಟ್ಟಿನ ಮೂಲೆ ನೀಲಿಗಟ್ಟಿ ಕಿರುಗುಟ್ಟುತ್ತದೆ. ಇನ್ನೂ ನಲವತ್ತು ತೂತು ಬಾಕಿ ಇವೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ – ಬೀದರ್
ಅಣ್ಣಾ, ವೇಗವೇ ಬಿಟ್ಟನ್ನು ತಿನ್ನುತ್ತಿದೆ. 450 ಸುತ್ತಿಗೆ ಇಳಿಸಿ. ಅದಕ್ಕಿಂತ ಮುಖ್ಯ ಮಾತು: ಒತ್ತಡ ಸಡಿಲಿಸಬೇಡಿ. ಬಿಟ್ ಕೊರೆಯದೆ ಉಜ್ಜುತ್ತಾ ನಿಂತರೆ 304 ಅಲ್ಲಿಯೇ ಗಡುಸಾಗುತ್ತದೆ; ತೂತಿನ ತಳ ಕನ್ನಡಿಯಂತೆ ಹೊಳೆದರೆ ಅದೇ ಗುರುತು. ಆಮೇಲೆ ಹೊಸ ಬಿಟ್ಟೂ ಜಾರುತ್ತದೆ. ಚೂರು ಸುರುಳಿಯಾಗಿ ಬರುತ್ತಿರಬೇಕು, ಪುಡಿಯಾಗಿ ಅಲ್ಲ. ಕಟಿಂಗ್ ಎಣ್ಣೆ ಧಾರಾಳವಾಗಿ ಬಿಡಿ. ಬಿದರಿ ಕೆಲಸದ ಸತು ಮಿಶ್ರಲೋಹ ಕೆತ್ತುವ ಕೈಗೆ ಈ ಹಟಮಾರಿ ಲೋಹ ಬೇರೆಯೇ ಪಾಠ ಕಲಿಸಿತು.

ಉತ್ತರ – ಯಾದಗಿರಿ
ಕೋಬಾಲ್ಟ್ ಬೆರೆಸಿದ ಸ್ಟೀಲಿನ ಬಿಟ್ ತನ್ನಿ, ತುದಿಯ ಕೋನ 135 ಡಿಗ್ರಿ ಇರಲಿ. ತೂತಿನ ಜಾಗಕ್ಕೆ ಪಂಚ್ ಗುರುತು ಹಗುರವಾಗಿ ಹೊಡೆಯಿರಿ, ಜೋರಾಗಿ ಹೊಡೆದರೆ ಅಲ್ಲಿಯೂ ಗಡುಸಾಗುತ್ತದೆ.

ಕೇಳಿದವರು
ಸುತ್ತು ಇಳಿಸಿದೆ, ಕೋಬಾಲ್ಟ್ ಬಿಟ್ ಹಾಕಿದೆ. ಒಂದೇ ಬಿಟ್ಟಿನಲ್ಲಿ ಹದಿನೆಂಟು ತೂತು ಮುಗಿದಿವೆ. ಇಬ್ಬರಿಗೂ ಮನಸಾರೆ ಧನ್ಯವಾದ.